ಅಳಿಸಿದ ಕೆಂಪು ಚುಕ್ಕೆ

ಮಧ್ಯಾಹ್ನ ಹನ್ನೆರಡು ನಲವತ್ತು. ಸಮಯ ಇಷ್ಟು ಖಚಿತವಾಗಿ ನೆನಪಿರಲು ಕಾರಣ, ಅದು ಜಿಪಿಎಸ್ ಪರದೆಯ ಮೇಲಿತ್ತು. ಅದನ್ನು ಹಿಡಿದಿದ್ದ ನನ್ನ ವಿದ್ಯಾರ್ಥಿನಿಯ ಮುಖವನ್ನು ನಾನು ನೋಡುತ್ತಿರಲಿಲ್ಲ.

ಎರಡು ಸಾವಿರದ ದಶಕದ ನಡುವಿನ ಒಂದು ಏಪ್ರಿಲ್. ತುಮಕೂರಿನ ಕಾಲೇಜೊಂದರಲ್ಲಿ ಭೂಗೋಳ ಹೇಳಿಕೊಡುತ್ತಿದ್ದೆ. ಹವಾಮಾನ ಬದಲಾದರೆ ಮನುಷ್ಯನ ಮೈಗೆ ಏನಾಗುತ್ತದೆ ಎಂದು ನಕ್ಷೆಯಲ್ಲೇ ತೋರಿಸುವ ಉತ್ಸಾಹ ನನಗೆ. ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ಬಿಸಿಲಿಗೆ ತಲೆಸುತ್ತಿ ಬಿದ್ದ ಕೂಲಿಯವರನ್ನು ವಿಚಾರಿಸಿ, ಬಿದ್ದ ಜಾಗವನ್ನು ಜಿಪಿಎಸ್‌ನಲ್ಲಿ ಗುರುತಿಸಿ, ಕಂಪ್ಯೂಟರ್ ನಕ್ಷೆಯಲ್ಲಿ ಅಲ್ಲೊಂದು ಕೆಂಪು ಚುಕ್ಕೆ ಇಡುವುದು ನಮ್ಮ ಕೆಲಸ. ನಿಜವಾದ ಜಾಗಕ್ಕೂ ಗುರುತಿಗೂ ಯಂತ್ರ ತೋರಿಸುವ ವ್ಯತ್ಯಾಸ ಐದು ಮೀಟರಿಗೆ ಇಳಿಯುವ ತನಕ ಯಾರೂ ಅಲುಗಾಡಬಾರದೆಂಬುದು ನನ್ನ ನಿಯಮ. ಹೂಳೆತ್ತುತ್ತಿದ್ದ ಒಣ ಕೆರೆಯಂಗಳದಲ್ಲಿ ಮರದ ನೆರಳೂ ಇರಲಿಲ್ಲ.

"ಸಾರ್, ಏಳಕ್ಕೆ ಬಂದೈತೆ. ಸಾಕಾ?"

"ಐದಾಗ್ಲಿ, ಇರಮ್ಮ."

ಅವಳು ಕುಸಿದಳು. ನಾನು ಕೈ ಚಾಚಿದ್ದು ಯಂತ್ರದ ಕಡೆಗೆ. ಕಾಲೇಜಿಗೆ ಇದ್ದದ್ದು ಅದೊಂದೇ, ಸಹಿ ಹಾಕಿ ತಂದವನು ನಾನು. ಅದು ನನ್ನ ಕೈಗೆ ಬಂತು, ಅವಳು ನೆಲಕ್ಕೆ ಬಿದ್ದಳು.

ಮಣ್ಣು ಹೊರುತ್ತಿದ್ದ ಹೆಂಗಸೊಬ್ಬಳು ಬುಟ್ಟಿ ಎಸೆದು ಓಡಿಬಂದಳು. "ಏನ್ ಮೇಷ್ಟ್ರೇ, ಬಿಸ್ಲು ಎಷ್ಟೈತೆ ಅಂತ ಮಿಷನ್ನೇ ಹೇಳ್ಬೇಕಾ? ಅದನ್ನ ಜೇಬ್ಗಾಕಿ, ಇವ್ಳ ಕಾಲು ಹಿಡ್ಕಳಿ."

ಗುಬ್ಬಿ ಆಸ್ಪತ್ರೆಗೆ ಟೆಂಪೋದಲ್ಲಿ ಒಯ್ದೆವು. ಮೈ ಸುಡುತ್ತಿತ್ತು, ಹೆಸರು ಹಿಡಿದು ಕೂಗಿದರೂ ಅವಳಿಗೆ ತಿಳಿಯುತ್ತಿರಲಿಲ್ಲ. ಬೆಳಿಗ್ಗೆಯಿಂದ ಎಷ್ಟು ನೀರು ಕುಡಿದಿದ್ದಾಳೆ ಎಂದು ಡಾಕ್ಟರು ಕೇಳಿದರು. ಕೂಲಿಯವರಿಗೆಲ್ಲ ನಾವು ಕೇಳಿದ್ದ ಪ್ರಶ್ನೆಯೇ ಅದು. ನನ್ನ ವಿದ್ಯಾರ್ಥಿಗಳಿಗೆ ನಾನು ಕೇಳಿರಲಿಲ್ಲ.

"ಸೋಮವಾರ ಅಲ್ವಾ ಸಾರ್," ಎಂದಳು ಅವಳ ಗೆಳತಿ. "ಸಂಜೆ ಪೂಜೆ ಆಗೋವರ್ಗೂ ನೀರೂ ಮುಟ್ಟಲ್ಲ ಅವ್ಳು."

ಎರಡು ದಿನದ ಮೇಲೆ ಅವಳಿಗೆ ಪ್ರಜ್ಞೆ ಬಂತು. ಅಷ್ಟರೊಳಗೆ ನಾನು ಪ್ರಿನ್ಸಿಪಾಲರಿಗೆ ಉಪವಾಸದಿಂದ ಹೀಗಾಯಿತೆಂದು ಬರೆದುಕೊಟ್ಟಿದ್ದೆ. ಅವಳು ನಿಂತಿದ್ದ ಜಾಗದ ಗುರುತನ್ನು ಯಂತ್ರದಿಂದ ಅಳಿಸಿಯೂ ಇದ್ದೆ. ಕುಣಿಗಲ್ಲಿನಿಂದ ಬಂದ ಅವಳ ತಂದೆ ನನಗೇ ಕೈಮುಗಿದರು. "ನಿಮ್ಗೆ ತೊಂದ್ರೆ ಕೊಟ್ಬುಟ್ಲು ಸಾರ್. ಮನ್ಸಿಗೆ ಹಾಕ್ಕಬೇಡಿ."

ಆಮೇಲೆ ಒಂದು ರಾತ್ರಿಯೂ ಪೂರ್ತಿ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ನನ್ನ ಕೈ ಮತ್ತೆ ಯಂತ್ರದ ಕಡೆಗೇ ಹೋಗುತ್ತಿತ್ತು.

ಜುಲೈನಲ್ಲಿ ನಕ್ಷೆಯನ್ನು ತರಗತಿಯ ಗೋಡೆಗೆ ಅಂಟಿಸಿದೆವು. ಅವಳು ಹತ್ತಿರ ಹೋಗಿ ಹುಡುಕಿದಳು.

"ನಾನೂ ಬಿದ್ನಲ್ಲ ಸಾರ್. ನನ್ ಚುಕ್ಕೆ ಎಲ್ಲಿ?"

"ಸಾರ್ ಅಳಿಸ್ಬುಟ್ಟವ್ರೆ ಕಣೇ," ಎಂದು ಹಿಂದಿನ ಬೆಂಚಿನಿಂದ ಯಾರೋ ತಮಾಷೆ ಮಾಡಿದರು. ಎಲ್ಲರೂ ನಕ್ಕರು.

"ಹೌದು, ಅಳಿಸಿದೆ," ಎಂದೆ. ನಗು ನಿಂತಿತು. ಪ್ರಿನ್ಸಿಪಾಲರಿಗೆ ಬರೆದದ್ದನ್ನೂ ಹೇಳಿ, ಕೆಂಪು ಪೆನ್ನು ಹಿಡಿದು, ಅವಳು ಬಿದ್ದ ಜಾಗ ಸರಿಯಾಗಿ ಎಲ್ಲೆಂದು ನಕ್ಷೆಯಲ್ಲಿ ಹುಡುಕತೊಡಗಿದೆ.

"ಐದು ಮೀಟ್ರು ಆಚೀಚೆ ಆದ್ರೂ ಪರ್ವಾಗಿಲ್ಲ, ಬುಡಿ ಸಾರ್," ಎಂದಳು ಅವಳು. ಅವಳೂ ನಗಲಿಲ್ಲ. ಅಂದಾಜಿನಲ್ಲೇ ಚುಕ್ಕೆ ಇಟ್ಟೆ.

ಪ್ರಿನ್ಸಿಪಾಲರಿಗೆ ಬೇರೆ ವರದಿ ಕೊಟ್ಟೆ. ಭಾನುವಾರ ಕುಣಿಗಲ್ ಬಸ್ಸು ಹತ್ತಿ, ಅವಳ ತಂದೆಯ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಈ ಸಲ ಅವರು ಕೈಮುಗಿಯಲಿಲ್ಲ, ಕೂತುಕೊಳ್ಳಿ ಎನ್ನಲೂ ಇಲ್ಲ. ಮನೆಗೆ ಬಂದು ಮಲಗಿದವನು ಎದ್ದಾಗ ಬೆಳಕು ಹರಿದಿತ್ತು.