ಮುಂದಿನ ಬ್ರೇಕಿಗೆ ಹಚ್ಚಿದ ಎಣ್ಣೆ

ಆ ಭಾನುವಾರ ಮನೆಯಲ್ಲಿ ಜೋಳದ ಹಿಟ್ಟು ಮುಗಿದಿತ್ತು. ಅತ್ತೆ ಜೋಳದ ಡಬ್ಬಿಯನ್ನು ಸೊಂಟಕ್ಕಿಟ್ಟುಕೊಂಡು ಗಿರಣಿಗೆ ಹೊರಟಿದ್ದರು. ನನ್ನ ಗಂಡ ಅಂಗಳದ ಫರಶಿಕಲ್ಲಿನ ಮೇಲೆ, ಮೋಟರ್ ಸೈಕಲ್ಲಿನ ಮುಂದಿನ ಚಕ್ರಕ್ಕೆ ಎದುರಾಗಿ ತುದಿಗಾಲಲ್ಲಿ ಕೂತಿದ್ದರು. ನಾನು ಪಕ್ಕದಲ್ಲಿ ಬೋಲ್ಟ್ ಬಿಚ್ಚುವ ಪಾನಾ ಹಿಡಿದು ನಿಂತಿದ್ದೆ. ನಮ್ಮ ಪಾಲಿಗೆ ಅದೇ ಕೊನೆಯ ಸಾದಾ ದಿನ. ಆಮೇಲಿನ ನಾಲ್ಕು ದಿನಗಳನ್ನು ನಾನು ಸಾದಾ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಷ್ಟರಲ್ಲಿ ಅದು ಶುರುವಾಗಿಬಿಟ್ಟಿತ್ತು.

ಅತ್ತೆ ಹೊಸ್ತಿಲಲ್ಲಿ ನಿಂತು ನಮ್ಮನ್ನು ನೋಡಿದರು. “ಗಂಡ ಗಾಡಿ ಬಿಚ್ತಾನ, ಹೆಂಡ್ತಿ ಪಾನಾ ಕೊಡ್ತಾಳ. ನಾಳಿಂದ ಬಾಗಲಿಗಿ ಬೋರ್ಡ್ ಹಾಕ್ರಿ, ಓಣಿ ಮಂದಿ ಎಲ್ಲಾರೂ ಗಾಡಿ ತರ್ತಾರ.”

“ನೀ ಮೊದಲ ಗಿರಣಿಗಿ ಹೋಗಬೇ ಯವ್ವಾ. ಕರೆಂಟ್ ಹೋದ್ರ ಸಂಜಿಗಿ ರೊಟ್ಟಿ ಇಲ್ಲ,” ಅಂದರು ಅವರು.

“ರೊಟ್ಟಿ ಇಲ್ಲಂದ್ರ ಆ ಚಕ್ರಾನೇ ತಿನ್ನು,” ಅಂದು ಅತ್ತೆ ಹೊರಟುಹೋದರು.

ಗಾಡಿ ಹಳೆಯದು, ನಮ್ಮ ಮದುವೆಗಿಂತ ಮೊದಲೇ ಕೊಂಡದ್ದು. ಅವರು ಕಮಲಾಪುರದ ಒಂದು ಹೈಸ್ಕೂಲಿನಲ್ಲಿ ಗುಮಾಸ್ತರು. ಶಹಾಬಜಾರದ ನಮ್ಮ ಮನೆಯಿಂದ ದಿನಾ ಅದರ ಮೇಲೇ ಹೋಗಿ ಬರುತ್ತಿದ್ದರು. ಮುಂದಿನ ಡಿಸ್ಕ್ ಬ್ರೇಕನ್ನು ಮುಟ್ಟುತ್ತಿದ್ದದ್ದು ಅಪರೂಪ. ಮುಂದಿನದನ್ನು ಹಿಡಿದರೆ ಗಾಡಿ ಮಗುಚುತ್ತದೆ ಎಂದು ನಮ್ಮ ಕಡೆ ಗಾಡಿ ಕಲಿಸುವವರೆಲ್ಲ ಹೇಳಿಕೊಡುತ್ತಾರೆ. ಹಾಗೆ ಹಿಡಿಯದೇ ಬಿಟ್ಟ ಬ್ರೇಕು ಒಳಗೊಳಗೇ ತುಕ್ಕು ತಿಂದು ಕಚ್ಚಿಕೊಂಡಿತ್ತು. ಆ ವಾರ ಗಾಡಿಯನ್ನು ಅಂಗಳದಿಂದ ಓಣಿಗೆ ತಳ್ಳಲು ಇಬ್ಬರು ಬೇಕಾಯಿತು.

ಅವರು ಎರಡು ಬೋಲ್ಟ್ ಬಿಚ್ಚಿ ಕ್ಯಾಲಿಪರನ್ನು ಡಿಸ್ಕಿನಿಂದ ಹೊರಗೆಳೆದರು. ಮುಷ್ಟಿಯಷ್ಟು ದಪ್ಪದ ಒಂದು ಲೋಹದ ಗಡ್ಡೆ, ಅದರ ಹೊಟ್ಟೆಯಲ್ಲಿ ಒಂದು ಪಿಸ್ಟನ್. ಬ್ರೇಕ್ ಹಿಡಿದಾಗ ಪಿಸ್ಟನ್ ಮುಂದೆ ಬಂದು ಪ್ಯಾಡನ್ನು ಡಿಸ್ಕಿಗೆ ಒತ್ತಬೇಕು, ಬಿಟ್ಟಾಗ ಹಿಂದೆ ಸರಿಯಬೇಕು. ನಮ್ಮದು ಮುಂದೆ ಬಂದದ್ದು ಅಲ್ಲೇ ನಿಂತಿತ್ತು.

“ಒತ್ತು,” ಅಂದರು. ನಾನು ಹ್ಯಾಂಡಲ್ಲಿನ ಬ್ರೇಕ್ ಒತ್ತಿದೆ. “ಬಿಡು. ಮತ್ತ ಒತ್ತು. ರೊಟ್ಟಿ ಬಡಿಯೋ ಕೈ ಅಲ್ಲೇನು, ಜೋರಲೆ ಒತ್ತು.”

ಪಿಸ್ಟನ್ ಕೂದಲೆಳೆಯಷ್ಟು ಸರಿಯುತ್ತ ಬಂದು, ಕೊನೆಗೆ ಹಲ್ಲು ಕಿತ್ತ ಹಾಗೆ ಹೊರಗೆ ಬಿತ್ತು. ಹಿಂದೆಯೇ ಕಪ್ಪಗಿನ ಬ್ರೇಕ್ ಆಯಿಲ್ ಫರಶಿಯ ಮೇಲೆ ಚೆಲ್ಲಿತು. ಪಾಲಿಶ್ ಪೇಪರಿನಿಂದ ಅವರು ಪಿಸ್ಟನ್ನನ್ನು ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದರು. ಸೂಪರ್ ಮಾರ್ಕೆಟ್ ಪೇಟೆಯ ಗಾಡಿ ಸಾಮಾನಿನ ಅಂಗಡಿಯಿಂದ ತಂದಿದ್ದ ಹೊಸ ರಬ್ಬರ್ ಬಳೆಗಳನ್ನು ಕ್ಯಾಲಿಪರಿನ ಒಳಗೆ ಕೂರಿಸಿದರು. ಆದರೆ ಪಿಸ್ಟನ್ ಒಳಗೆ ಹೋಗಲಿಲ್ಲ. ಹೊಸ ರಬ್ಬರ್ ಬಿಗಿಯಾಗಿತ್ತು. ಸ್ವಲ್ಪ ಹೊಸ ಬ್ರೇಕ್ ಆಯಿಲ್ ಸವರಿದರೆ ಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು. ತಂದದ್ದು ಸಣ್ಣ ಬಾಟಲಿ, ಹ್ಯಾಂಡಲ್ಲಿನ ಮೇಲಿರುವ ಆಯಿಲ್ ಡಬ್ಬಿ ತುಂಬಿಸಲು ಸಾಲದೇ ಹೋದೀತು ಎಂದು ಅದನ್ನು ತೆಗೆಯಲಿಲ್ಲ.

ಆಗ ಮಾತಾಡಿದ್ದು ನಾನು. “ಕುಕ್ಕರಿನ ರಬ್ಬರ್ ಒಣಗಿದ್ರ ನಾ ಕುಸುಬಿ ಎಣ್ಣಿ ಸವರ್ತೀನಲ್ರಿ, ಬರೋಬ್ಬರಿ ಕೂಡ್ತದ. ಅದೂ ರಬ್ಬರ್, ಇದೂ ರಬ್ಬರ್.”

ಅವರು ತಲೆ ಎತ್ತಿ ನೋಡಿದರು. “ನಡೀತದೇನು?”

“ಯಾಕ ನಡೆಂಗಿಲ್ಲ?”

“ಹಂಗಾದ್ರ ತಗೊಂಡ್ ಬಾ, ಇಂಜಿನಿಯರ್ ಬಾಯಿ.”

ಒಳಗೆ ಹೋಗಿ ಬಟ್ಟಲಲ್ಲಿ ಎಣ್ಣೆ ತಂದೆ. ಅವರ ಕೈಗೆ ತುಕ್ಕು ಮೆತ್ತಿತ್ತು, ಅದಕ್ಕೆ ನಾನೇ ಬೆರಳಿನಿಂದ ಬಳೆಗೂ ಪಿಸ್ಟನ್ನಿಗೂ ಸುತ್ತಲೂ ಸವರಿದೆ. ಚೆನ್ನಾಗಿ ಇಳಿಯಲಿ ಎಂದು ಎರಡನೇ ಸಲವೂ ಸವರಿದೆ. ಪಿಸ್ಟನ್ ಹೆಬ್ಬೆರಳಿನ ಒತ್ತಿಗೇ ಒಳಗೆ ಹೋಯಿತು. ಕ್ಯಾಲಿಪರನ್ನು ಮತ್ತೆ ಜೋಡಿಸಿ, ಹೊಸ ಆಯಿಲ್ ತುಂಬಿಸಿ, ಒಳಗಿನ ಗಾಳಿ ಕಳೆದ ಮೇಲೆ ಚಕ್ರ ತಿರುಗಿಸಿದರೆ ಸದ್ದಿಲ್ಲದೆ ತಿರುಗಿತು. ಅವರು ಬ್ರೇಕ್ ಹಿಡಿದರು, ಚಕ್ರ ನಿಂತಿತು. ಬಿಟ್ಟರು, ತಿರುಗಿತು. ಹತ್ತು ಸಲವಾದರೂ ಹಾಗೆ ಮಾಡಿ ನಕ್ಕರು. “ಇನ್ನ ಇದನ್ನ ದಿನಾ ಹಿಡೀತೀನಿ. ಹಿಡೀಲಾರದಕ್ಕೇ ಕೆಟ್ಟದ್ದು ಇದು,” ಅಂದರು. ಅತ್ತೆ ಹಿಟ್ಟು ಹೊತ್ತು ಬರುವಷ್ಟರಲ್ಲಿ ಎಣ್ಣೆಯ ಬಟ್ಟಲು ಒಳಗೆ ಹೋಗಿತ್ತು.

ಸೋಮವಾರ ಏನೂ ಆಗಲಿಲ್ಲ. ಮಂಗಳವಾರ ಬಂದವರು, “ಸ್ವಲ್ಪ ಬಿಗಿ ಅನಸ್ಲಾಕತ್ತದ. ಹೊಸಾ ರಬ್ಬರ್, ಕೂಡ್ಲಿಕ್ಕೆ ಟೈಮ್ ಬೇಕು,” ಅಂದರು. ಬುಧವಾರ ಸಂಜೆ ಅವರು ಕೈಕಾಲು ತೊಳೆಯುತ್ತಿದ್ದಾಗ ನಾನು ಗಾಡಿಯ ಹತ್ತಿರ ಹೋದೆ. ಯಾಕೆ ಹೋದೆನೋ ಗೊತ್ತಿಲ್ಲ. ಡಿಸ್ಕಿಗೆ ಬೆರಳು ತಾಗಿಸಿದ್ದೇ ಚುರ್ ಅಂದಿತು. ಹಂಚು ಕಾದಿದೆಯೋ ನೋಡಲು ಚಿಮುಕಿಸುವ ಹಾಗೆ ನಾಲ್ಕು ಹನಿ ನೀರು ಚಿಮುಕಿಸಿದೆ. ಹನಿಗಳು ಕುಣಿದು ಆರಿಹೋದವು.

“ರೀ, ಮುಂದಿನ ಚಕ್ರ ಭಾಳ ಕಾದದ,” ಅಂದೆ.

“ಮೂವತ್ತು ಚಿಲ್ಲರೆ ಕಿಲೋಮೀಟರ್ ಬಂದದ, ಕಾಯಲಾರದ ತಣ್ಣಗ ಇರ್ತದೇನು? ಬರೋ ಐತ್ವಾರ ಮತ್ತ ಬಿಚ್ಚೋಣು.”

ಹಿಂದಿನ ಚಕ್ರವನ್ನೂ ಮುಟ್ಟಿದೆ. ಅದು ತಣ್ಣಗೇ ಇತ್ತು. ಅದನ್ನು ಅವರಿಗೆ ಹೇಳಲಿಲ್ಲ. ಎಣ್ಣೆ ಹಚ್ಚಿದ್ದರಿಂದಲೇ ಹೀಗಾಗಿದ್ದರೆ ನನ್ನನ್ನು ನೋಡಿ ನಗುತ್ತಾರೆ ಅನ್ನಿಸಿತ್ತು.

ಗುರುವಾರ ಬೆಳಿಗ್ಗೆ ಗಾಡಿಯನ್ನು ಓಣಿಗೆ ತಳ್ಳಲು ಅವರು ಮೈಯೆಲ್ಲ ಮುಂದಕ್ಕೆ ಬಗ್ಗಿಸಬೇಕಾಯಿತು. ನಾನು ಬಾಗಿಲಲ್ಲಿ ಬುತ್ತಿ ಹಿಡಿದು ನಿಂತಿದ್ದೆ. “ಇವತ್ತೊಂದಿನ ಬಸ್ಸಿಗಿ ಹೋಗ್ರಿ.”

“ಬಸ್ಸಿನಾಗ ನಿಂತು ಹೋದ್ರ ಕಾಲು ನಂದು ನೋಯ್ತದ, ನಿಂದಲ್ಲ,” ಅಂದು ಬುತ್ತಿ ಇಸಿದುಕೊಂಡರು.

ಹನ್ನೊಂದಕ್ಕೆ ಶಾಲೆಯಿಂದ ಫೋನ್ ಬಂತು. ಆಸ್ಪತ್ರೆ ಮುಟ್ಟುವ ಮೊದಲೇ ಅವರು ಹೋಗಿದ್ದರು.

ಕಮಲಾಪುರಕ್ಕೆ ಸ್ವಲ್ಪ ಮೊದಲು ರಸ್ತೆ ಬದಿಗೆ ಕೆಂಪು ಬಾಳೆಹಣ್ಣು ಮಾರುವ ಒಬ್ಬ ಹೆಣ್ಣುಮಗಳು ಎಲ್ಲವನ್ನೂ ನೋಡಿದ್ದಳು. ದಿನಕರ್ಮ ಮುಗಿದ ಮೇಲೆ ನಾನು ಆಕೆಯ ಹತ್ತಿರ ಹೋದೆ. ಆಕೆ ನನ್ನನ್ನು ತನ್ನ ಗೋಣಿಚೀಲದ ಮೇಲೆ ಕೂರಿಸಿಕೊಂಡು ಹೇಳಿದಳು. “ಅಡ್ಡ ಯಾರೂ ಬಂದಿಲ್ಲವ್ವ. ನಾಯಿ ಬಂದಿಲ್ಲ, ಲಾರಿ ಬಂದಿಲ್ಲ. ಮುಂದಿನ ಗಾಲಿ ಯಾರೋ ಹಿಡದಂಗ ನಿಂತುಬಿಡ್ತು. ಅಂವ ಗಾಡಿ ಮ್ಯಾಲಿಂದ ಹಾರಿ ಬಿದ್ದ. ಗಾಲಿ ಕಡಿಂದ ಹೊಗಿ ಬರ್ಲಾಕತ್ತಿತ್ತು.”

ಪೊಲೀಸರು ಗಾಡಿ ಬಿಟ್ಟುಕೊಟ್ಟ ಮೇಲೆ ಅದನ್ನು ಸೇಡಂ ರಸ್ತೆಯ ಒಂದು ಗ್ಯಾರೇಜಿಗೆ ಹಾಕಿಸಿದೆ. ಮಾರುವುದಕ್ಕೆ ಎಂದು ಅತ್ತೆಗೆ ಹೇಳಿದ್ದೆ. ಗ್ಯಾರೇಜಿನವರು ವಯಸ್ಸಾದ ಸಾಹೇಬರು, ಎಲ್ಲರೂ ಅವರನ್ನು ಉಸ್ತಾದ್ ಅನ್ನುತ್ತಾರೆ. ಅವರು ಕ್ಯಾಲಿಪರ್ ಬಿಚ್ಚುವಾಗ ನಾನು ಸ್ಟೂಲಿನ ಮೇಲೆ ಕೂತಿದ್ದೆ. ಪಿಸ್ಟನ್ ಹೊರಗೆ ಬರಲು ಬಹಳ ಹೊತ್ತು ಹಿಡಿಯಿತು. ಅದರ ಸುತ್ತ ಕಂದು ಬಣ್ಣದ ಅಂಟು ಗಟ್ಟಿಯಾಗಿ ಹತ್ತಿತ್ತು. ಕರಿದ ಎಣ್ಣೆ ಬಾಂಡ್ಲಿಯ ಹೊರಗೆ ಸೋರಿ ಉರಿಗೆ ಕಾದೂ ಕಾದೂ ಹಾಗೆ ಆಗುತ್ತದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಉಸ್ತಾದರು ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಾಯಿತು.

“ಅರೇ, ಇದಕ್ಕ ಖಾನೇಕಾ ತೇಲ್, ಅಡಗಿ ಎಣ್ಣಿ, ಯಾರು ಹಚ್ಚ್ಯಾರ ಅಮ್ಮಾ? ರಬ್ಬರ್ ನೋಡ್ರಿ, ಉಬ್ಬಿ ಹೆಂಗ ಆಗ್ಯಾದ. ಎಣ್ಣಿ ಕಾದು ಗೋಂದ್ ಆಗ್ಯಾದ. ಪಿಸ್ಟನ್ ಹಿಂದ ಹೆಂಗ ಹೋಗ್ಬೇಕು?” ನಾನು ಉಬ್ಬಿದ ಬಳೆಯನ್ನು ಕೈಗೆ ತೆಗೆದುಕೊಂಡೆ. ಅವರೇ ತಲೆಯಾಡಿಸಿದರು. “ನಿಮ್ಮ ಸಾಬ್ ಖುದ್ದ್ ಮಾಡ್ಯಾರ ಅನಸ್ತದ. ಹೋಗ್ಲಿ ಬಿಡ್ರಿ, ನಸೀಬ್.”

ಅಲ್ಲಿ ನಾನು ಹೇಳಬಹುದಿತ್ತು. ಉಸ್ತಾದರು ನನಗೆ ಯಾರೂ ಅಲ್ಲ. ಆದರೂ ಹೌದೆಂದು ಗೋಣು ಹಾಕಿಬಿಟ್ಟೆ.

ಆ ಗೋಣು ಹಾಕಿದ್ದು ಮನೆಗೂ ಬಂತು. ಗ್ಯಾರೇಜಿನವರು ಏನಂದರು ಎಂದು ಅತ್ತೆ ಕೇಳಿದಾಗ, ಒಳಗೆ ತಪ್ಪು ಎಣ್ಣೆ ಹಾಕಿದ್ದರಂತೆ ಅಂದೆ. ಯಾರು ಹಾಕಿದ್ದು ಎಂದು ಅತ್ತೆ ಕೇಳಲಿಲ್ಲ. ಗಾಡಿ ಬಿಚ್ಚಿದ್ದು ಮಗ. ಅವರಿಗೆ ಅಷ್ಟೇ ಸಾಕಾಯಿತು. ಈಗ ಮಾತಾಡಿಸಲು ಬಂದವರ ಮುಂದೆಲ್ಲ ಅದನ್ನೇ ಹೇಳುತ್ತಾರೆ. “ಅಂವಗ ಸಣ್ಣಾಂವಿದ್ದಾಗಿಂದ ಎಲ್ಲಾ ತಾನೇ ಮಾಡೋ ಚಟ. ಈಕಿ ಬ್ಯಾಡ ಅಂದಿರ್ತಾಳ, ಅಂವ ಕೇಳಿರಂಗಿಲ್ಲ. ತನ್ನ ಕೈಲೆ ತಾ ಹೋದ.” ಹಾಗಂದು ನನ್ನ ಬೆನ್ನ ಮೇಲೆ ಕೈಯಾಡಿಸುತ್ತಾರೆ. ನಾನು ಉಣ್ಣದಿದ್ದರೆ ತಾವೂ ಉಣ್ಣುವುದಿಲ್ಲ. ಹೋದ ವಾರ ಮಗನ ಫೋಟೋದ ಮುಂದೆ ನಿಂತು, “ನಿನ್ನ ಬುದ್ಧಿಗಿಷ್ಟು ಬೆಂಕಿ ಹಚ್ಲಿ,” ಎಂದು ಬೈದರು. ಬೈದು ಅಲ್ಲೇ ಕೂತು ಅತ್ತರು. ನಾನು ಅವರ ಪಕ್ಕದಲ್ಲಿ ಕೂತೆ. ಬಾಯಿ ತೆರೆದೆ. “ನೀರು ಕುಡೀರಿ ಅತ್ತಿ,” ಅನ್ನುವುದಷ್ಟೇ ಬಂತು.

ಇಲ್ಲಿ ಬರೆಯುವುದು ಅಷ್ಟು ಕಷ್ಟವಾಗಲಿಲ್ಲ. ಅತ್ತೆಗೆ ಓದಲು ಬರುವುದಿಲ್ಲ. ಅವರು ದಿನಾ ಬೈಯುವುದು ಸತ್ತ ಮಗನನ್ನು. ಎಣ್ಣೆ ಹಚ್ಚಿದ್ದು ನಾನು ಎಂಬ ಮಾತನ್ನು ಅವರಿಗೆ ನಾನಿನ್ನೂ ಹೇಳಿಲ್ಲ.