ಹಗೇವಿಗೆ ಇಳಿಸಿದ ಕಂದೀಲು

ಕಂದೀಲು ತಾನಾಗಿ ಆರಿತೋ, ಗೋಡೆಗೆ ಬಡಿದು ಆರಿತೋ, ನಾನು ಖಂಡಿತವಾಗಿ ಹೇಳಲಾರೆ. ಹೆದರಿದವರು ಕಂಡದ್ದನ್ನು ನಂಬಬಾರದೆಂದು ಕಲಬುರಗಿಯಲ್ಲಿ ಎಂ.ಎ. ಓದುವಾಗ ಎಲ್ಲರೊಡನೆ ವಾದಿಸುತ್ತಿದ್ದೆ. ಅಂದು ಹೆದರಿದವನು ನಾನೇ.

ತೊಂಬತ್ತರ ದಶಕದ ಕೊನೆ. ಆಯಿಯನ್ನು, ಅಂದರೆ ತಾಯಿಯ ತಾಯಿಯನ್ನು, ಬಸವಕಲ್ಯಾಣದಿಂದ ಅವಳ ತವರಿಗೆ ಕರೆದುಕೊಂಡು ಹೋಗಿದ್ದೆ. ನಿಜಾಮರ ಕೊನೆಗಾಲದ ಗದ್ದಲದಲ್ಲಿ ಬಂದೂಕು ಹಿಡಿದ ದಂಡೊಂದು ಆ ಊರಿಗೆ ನುಗ್ಗಿ ಸಿಕ್ಕವರನ್ನು ಕೊಂದಿತ್ತು. ಸತ್ತವರ ನೆನಪಿಗೆ ಊರವರು ಕಲ್ಲು ನಿಲ್ಲಿಸುವವರಿದ್ದರು. ಅದರ ಮೇಲೆ ತನ್ನ ಪುಟ್ಟ ತಂಗಿಯ ಹೆಸರೂ ಇರಬೇಕೆಂದು ಆಯಿಯ ಹಟ. ಆದರೆ ಆ ಹುಡುಗಿ ಗುಂಡೇಟಿಗೆ ಬಿದ್ದವಳಲ್ಲ. ಅಕ್ಕನ ಜೊತೆ ಹಗೇವಿನಲ್ಲಿ ಅಡಗಿದ್ದಾಗ ಸತ್ತವಳು.

ಹಗೇವು ಎಂದರೆ ಜೋಳ ತುಂಬಿಡಲು ನೆಲದಲ್ಲಿ ತೋಡಿದ ಆಳದ ಕುಣಿ. ಮುಚ್ಚಿಟ್ಟದ್ದರ ತಳದಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ಮೊದಲು ಕಂದೀಲು ಇಳಿಬಿಟ್ಟು, ಆರದಿದ್ದರೆ ಮಾತ್ರ ಮನುಷ್ಯರು ಇಳಿಯುವುದು ರೂಢಿ. ಅಂದು ಅಕ್ಕತಂಗಿಯರಿಗೆ ಕಂದೀಲು ಹಚ್ಚುವಷ್ಟು ಪುರಸೊತ್ತಿರಲಿಲ್ಲ.

"ಅಂಜಿ ಸತ್ತವರನ್ನೆಲ್ಲಾ ಬರಸ್ತೀವಂದ್ರ ಈ ಕಲ್ಲು ಸಾಲಂಗಿಲ್ಲ ಅಕ್ಕಾ, ಗುಡ್ಡಾನೇ ತರಬೇಕಾಗ್ತದ" ಎಂದರು ಅದೇ ಹಗೇವಿನ ಬಳಿ ನಮ್ಮ ಜೊತೆ ನಿಂತಿದ್ದ ಊರ ಹಿರಿಯರೊಬ್ಬರು.

"ಅಂಜಿ ಅಲ್ಲ, ಕೆಟ್ಟ ಗಾಳಿಗೆ ಸತ್ಳು. ಮಾತು ಸಾಕು. ಕಂದೀಲ ಬಿಡು" ಎಂದಳು ಆಯಿ.

ಹಗೇವಿನ ಬಾಯಿಗೆ ಮುಚ್ಚಿದ್ದ ಹಾಸುಗಲ್ಲು ಸರಿಸಿದಾಗ ಮುಗ್ಗಿದ ವಾಸನೆ ಮುಖಕ್ಕೆ ಹೊಡೆಯಿತು. ಹಿರಿಯರು ಹಗ್ಗ ಬಿಟ್ಟರು. ನಾನು ಬಗ್ಗಿ ನೋಡಿದೆ. ಉರಿ ಸಣ್ಣದಾಯಿತು, ನೀಲಿಯಾಯಿತು, ಒಳಗಿನಿಂದ ಯಾರೋ ಉಸಿರೆಳೆದುಕೊಂಡ ಹಾಗೆ ಹೋಗಿಬಿಟ್ಟಿತು. ಕಾಲ ಕೆಳಗಿನ ಮಣ್ಣು ಜಾರುತ್ತಿದೆ ಅನ್ನಿಸಿತು. ಆಯಿ ನನ್ನ ಅಂಗಿ ಹಿಡಿದಿದ್ದಳು.

ಗೋಡೆಗೆ ಬಡಿದು ಆರಿತೆಂದು ಹಿರಿಯರು ಹೇಳಿದರು. ಆಯಿ ಕುಣಿಯ ಕಡೆಗೇ ನೋಡುತ್ತ ಅಂದಳು: "ಅಳಾಕತ್ತಿದ್ಳು. ಸುಮ್ಮನ ಕುಂಡ್ರು ಅಂದೆ. ಕುಂತ್ಳು. ನಾ ನಿಂತಿದ್ದೆ."

ಕಲ್ಲು ನಿಂತಿತು. ತಂಗಿಯ ಹೆಸರಿರಲಿಲ್ಲ, ಹಿರಿಯರು ಕೆಳಗೆ ಒಂದು ಸಾಲಿನ ಜಾಗ ಬಿಡಿಸಿದ್ದರಂತೆ. ಮುಂದೆ ಹುಮನಾಬಾದಿನ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಬಾಡಿಗೆ ಕೋಣೆಯ ಕಿಟಕಿಯನ್ನು ಚಳಿಗಾಲದಲ್ಲೂ ಮುಚ್ಚಲಾಗುತ್ತಿರಲಿಲ್ಲ. ಕರೆಂಟು ಹೋದರೆ ಮೊದಲು ಎದ್ದು ನಿಲ್ಲುತ್ತಿದ್ದೆ. ಆ ನೀಲಿ ಉರಿಯನ್ನು ಕಂಡಿದ್ದೆನೋ, ಆಯಿಯ ಮಾತು ಕೇಳಿದ ಮೇಲೆ ಮನಸ್ಸಿನಲ್ಲೇ ಕಟ್ಟಿಕೊಂಡೆನೋ?

ಕೊನೆಗೆ ಒಂದು ಮಧ್ಯಾಹ್ನ ಆ ಊರಿಗೆ ಹೋಗಿ ಅದೇ ಹಿರಿಯರ ಎದುರು ಹಾಸುಗಲ್ಲು ಸರಿಸಿದೆ. ಮೊದಲು ಹಗ್ಗಕ್ಕೆ ಕಲ್ಲು ಕಟ್ಟಿ ಆಳ ನೋಡಿಕೊಂಡೆ. ಆಮೇಲೆ ಕಂದೀಲನ್ನು ನಟ್ಟನಡುವೆ ಮೆಲ್ಲಗೆ ಇಳಿಸಿದೆ. ನಿಂತವರ ಮುಖದ ಎತ್ತರದಲ್ಲಿ ಅದು ಉರಿಯುತ್ತಿತ್ತು. ಕೂತ ಮಗುವಿನ ತಲೆಯ ಮಟ್ಟಕ್ಕೆ ಬಂದಾಗ, ಗೋಡೆಗೂ ನೆಲಕ್ಕೂ ತಾಗದೆ, ಆರಿತು.