ಸಪ್ಪಳ ಇಲ್ಲದ ಮೋಟರ್

ಲಕ್ವಾ ಹೊಡದು ಬಲಗಡಿ ಪೂರಾ ಬಿದ್ದುಹೋದ ಮ್ಯಾಲ ನಮ್ಮ ಮನಿಯವರ ಬಾಯಾಗ ಎರಡ ಮಾತು ಉಳದ್ವು. ಐತಿ, ಇಲ್ಲ. ಉಂಡು ಕೈ ತೊಳಸಿದ ಮ್ಯಾಲೂ ಯಾರರ ಬಂದು 'ಊಟ ಆತೇನ್ರಿ' ಅಂದ್ರ 'ಇಲ್ಲ' ಅಂತಿದ್ರು. ನಾನು ಮೊದಲ ಸಿಟ್ಟಿನಾಕಿ. 'ಅಯ್ಯ ಶಿವನ, ಈಗರ ರೊಟ್ಟಿ ತಿಂದೀರಲ್ರೀ, ಬಂದವರ ಮುಂದ ನನ್ನ ಮರ್ಯಾದಿ ತಗೀತೀರಿ' ಅಂತ ಒದರ್ಯಾಡತಿದ್ದೆ. ಅವರು ಅರ್ಧಾ ಬಾಯಿಲೆ ನಗತಿದ್ರು. ಆದ್ರ ಮೋಟರ್ ವಿಷಯದಾಗ ಮಾತ್ರ ಅವರ ಐತಿ, ಇಲ್ಲ ಎಂದೂ ತಪ್ಪತಿರಲಿಲ್ಲ.

ಮುನವಳ್ಳಿ ದಾಟಿದ್ರ ನಮ್ಮ ಹೊಲ. ರಸ್ತಿ ಮಗ್ಗಲಕ ಈಜುಕೊಳ, ಅದರ ಹಿಂದ ಮನಿ, ಮನಿ ಹಿಂದ ಜ್ವಾಳದ ಹೊಲ, ಹೊಲದ ಆಚೆ ಕಾಲುವಿ. ಹೊಲದಾಗ ಈಜುಕೊಳ ಕಟ್ಟಿಸಿದ್ದು ಷೋಕಿಗಲ್ಲ. ನಮಗಿದ್ದಾಂವ ಒಬ್ಬನ ಮಗ. ಬ್ಯಾಸಿಗಿ ಸೂಟಿಯಾಗ ಗೆಳ್ಯಾರ ಕೂಡ ಆ ಕಾಲುವಿಗೆ ಹೋದ. ಅವನಿಗೆ ಈಸಾಕ ಬರತಿದ್ದಿಲ್ಲ. ಅವನ್ನ ಮನಿಗೆ ಹೊತಗೊಂಡು ತಂದ್ರು.

ಮರುವರ್ಷ ಇವರು ಜೆಸಿಬಿ ತರಿಸಿ ತಗ್ಗು ತೋಡಿಸಿದ್ರು. 'ಕೆಟ್ಟ ಮ್ಯಾಲ ಬುದ್ಧಿ ಬಂತು, ಅಟ್ಟ ಮ್ಯಾಲ ಒಲಿ ಉರೀತು' ಅಂತ ನಮ್ಮ ಬಳಗದವರ ಆಡಿಕೊಂಡ್ರು. ಅವರ ನಾಲಿಗಿಗೆ ಹುಳಾ ಬೀಳ್ಲಿ ಅಂತ ನಾನು ಶಾಪ ಹಾಕಿದೆ. ಇವರು ಮಾತ್ರ, 'ಅನ್ನಲಿ ಬಿಡ. ಊರ ಹುಡುಗೂರು ಇಲ್ಲೇ ಈಸು ಕಲೀಲಿ. ಕಾಲುವಿಗೆ ಒಬ್ಬಾಂವನೂ ಹೋಗೂದು ಬ್ಯಾಡ' ಅಂದ್ರು.

ಕೊಳದ ನೀರು ಎಳದು, ಉಸುಕಿನ ಡ್ರಮ್ಮಿನ್ಯಾಗ ಸೋಸಿ, ತಿರುಗಿ ಕೊಳಕ್ಕ ಬಿಡಾಕ ಒಂದು ಮೋಟರ್ ಇತ್ತು. ಇವರು ಮಲಗೂ ಖೋಲಿಯ ಗ್ವಾಡಿಗೆ ಹತ್ತಿ ಅದರ ಶೆಡ್. ಏನ್ ಸಪ್ಪಳ ಅಂತೀರಿ! ಹಿಟ್ಟಿನ ಗಿರಣ್ಯಾಗ ಸಂಸಾರ ಮಾಡಿದಂಗ. ಗಂಟಲ ಹರಕೊಂಡು ಮಾತಾಡಿ ಮಾತಾಡಿ ನನ್ನ ಧ್ವನಿನ ಹಂಗಾಗಿಬಿಟ್ಟಿತ್ತು. ಆದ್ರ ಹಾಸಿಗಿ ಹಿಡದವರಿಗೆ ಅದ ಜೀವ. ಮುಂಜಾನಿ ಬಟನ್ ಒತ್ತಿದ್ರ ಖೋಲಿಯೊಳಗಿಂದ 'ಐತಿ' ಅಂತಿದ್ರು. ಕರೆಂಟ್ ಹೋದ್ರ 'ಇಲ್ಲ, ಇಲ್ಲ' ಅಂತ ಎಡಗೈ ಮಾಡಿ ಹಿಂದಿನ ಕಿಡಕಿ ತೋರಸತಿದ್ರು. ಮೋಟರ್ ನಿಂತ್ರ ನೀರು ಕೆಡತೈತಿ, ನೀರು ಕೆಟ್ರ ಕೊಳ ಬಂದ್, ಕೊಳ ಬಂದ್ ಆದ್ರ ಹುಡುಗೂರು ಕಾಲುವಿಗೆ. ಅವರ ಅಂಜಿಕಿ ಅದೊಂದ.

ಹೋದ ಬ್ಯಾಸಿಗ್ಯಾಗ ಆ ಮೋಟರ್ ಸುಟ್ಟು ನಾತ ಹೊಡೀತು. ಬೈಲಹೊಂಗಲದಿಂದ ಬಂದ ಮೆಕ್ಯಾನಿಕ್ಕು ಬಿಚ್ಚಿ ನೋಡಿ ತಲಿ ಅಳ್ಳಾಡಿಸಿದ.

'ಅಕ್ಕಾರ, ಎಷ್ಟ ಸಲ ವೈಂಡಿಂಗ್ ಮಾಡೂದ್ರಿ ಇದನ್ನ? ಈಗ ವೇರಿಯೇಬಲ್ ಸ್ಪೀಡ್ ಅಂತ ಬಂದಾವು. ಡ್ರಮ್ ತೊಳಿಯೂವಾಗ ಜೋರ್ ಬಿಡ್ರಿ, ಉಳದ ಹೊತ್ತು ಸಾವಕಾಶ ಓಡಸ್ರಿ. ಕರೆಂಟೂ ಕಮ್ಮಿ, ಸಪ್ಪಳಂತೂ ಇಲ್ಲ.'

'ಸಪ್ಪಳ ಇಲ್ಲೇನು? ನಿಮ್ಮ ಬಾಯಾಗ ಸಕ್ರಿ ಹಾಕ, ಅಣ್ಣಾರ!' ಅಂದೆ. ಇವರಿಗೂ ಸಮಾಧಾನಲೆ ನಿದ್ದಿ ಬರ್ಲಿ ಅಂತ ನನ್ನ ಆಶಾ.

ಅದನ್ನ ಕೂಡಸೂತನಕ ಹುಡುಗೂರಿಗೆ ಬರಬ್ಯಾಡ್ರಿ ಅಂದಿದ್ವಿ. ಕೂಡಿಸಿದ ದಿನ ಅರಿಷಿಣ ಕುಂಕುಮ ಹಚ್ಚಿ, ಟೆಂಗು ಒಡದೆ. ನಮ್ಮ ಹೊಲದಾಗ ಯಾವ ಮೋಟರ್ ಚಾಲೂ ಆದ್ರೂ ಮೊದಲ ಇವರ ಕೈಯಿಂದ. ಅದಕ್ಕ ಗಾಲಿ ಕುರ್ಚಿಮ್ಯಾಲ ಕರಕೊಂಡು ಬಂದು, ಕೈ ಹಿಡದು ಬಟನ್ ಒತ್ತಿಸಿದೆ. ಮೋಟರ್ ತಿರುಗಿತು ಅಂತ ಮೆಕ್ಯಾನಿಕ್ಕ ಹೇಳಿದ ಮ್ಯಾಲ ನನಗ ಗೊತ್ತಾತು, ಅಷ್ಟ ಮೆತ್ತಗ. ಇವರು ಕಿವಿ ಕೊಟ್ಟು ಕುಂತ್ರು. 'ಇಲ್ಲ' ಅಂದ್ರು.

'ಐತ್ರೀ, ನೋಡ್ರಿಲ್ಲೆ' ಅಂತ ಅದ ಕೈ ಪೈಪಿನ ಮ್ಯಾಲಿಟ್ಟೆ. ನಮ್ಮ ಕಡೆ ಮೋಟರ್ ನೀರು ಎತ್ತತೈತೋ ಇಲ್ಲೋ ಅಂತ ಸಂಶೆ ಬಂದ್ರ ಪೈಪಿಗೆ ಕೈ ಹಚ್ಚಿ ನೋಡೂದ ರೂಢಿ. ಪೈಪ್ ಸಣ್ಣಗ ನಡಗತಿತ್ತು. ಇವರು ಪೈಪ್ ನೋಡಿದ್ರು, ಯಾರೂ ಇಲ್ಲದ ಕೊಳ ನೋಡಿದ್ರು. ಕಣ್ಣಾಗ ನೀರು ತಂದು ಮತ್ತ 'ಇಲ್ಲ' ಅಂದ್ರು. ನನಗ ತಲಿ ಕೆಟ್ಟಹೋತು. ಐತಿ ಅಂದ್ರ ಐತಿ, ಮಕ್ಕಳಗಿಂತ ಹೆಚ್ಚ ಹಟಾ ಮಾಡತೀರಿ ಅಂತ ಬೈದು ಒಳಗ ಕರಕೊಂಡು ಹೋದೆ. ಅವತ್ತು ಅವರು ಉಣಲಿಲ್ಲ.

ಮರುದಿನ ಹುಡುಗೂರು ಬಂದ್ರು. ನಾನು ಅಡಗಿ ಮನ್ಯಾಗ ಹಿಟ್ಟು ನಾದತಿದ್ದೆ. ಖೋಲ್ಯಾಗ ಏನೋ ದಪ್ಪನ ಬಿದ್ದ ಸಪ್ಪಳಾತು. ಓಡಿ ಹೋಗಿ ನೋಡಿದ್ರ ಇವರು ಕಾಟಿನಿಂದ ಕೆಳಗ ಬಿದ್ದು, ಎಡ ಮೊಣಕೈಮ್ಯಾಲ ಮೈ ಎಳಕೊಂಡು ಹಿತ್ತಲ ಬಾಗಲಾ ಕಡೆ ಹೊಂಟಿದ್ರು. ಹಣಿ ಒಡದು ರಗತ ಬರತಿತ್ತು. 'ಇಲ್ಲ! ಇಲ್ಲ! ಇಲ್ಲ!' ಅಂತ ಒದರಾಕ ಹತ್ತಿದ್ರು.

ಅವರನ್ನ ತಬ್ಬಿಕೊಂಡು ಕುಂತಾಗ ನನಗ ಕೇಳಿಸಿತು. ಹುಡುಗೂರ ಕೇಕಿ, ನೀರಿಗೆ ಜಿಗಿಯೂ ಸಪ್ಪಳ. ಇಷ್ಟ ವರ್ಷ ಆ ಹಳೇ ಮೋಟರಿನ ಅಬ್ಬರದಾಗ ಈ ಖೋಲಿಗೆ ಅದು ಎಂದೂ ಕೇಳಿರಲಿಲ್ಲ. ಮೋಟರ್ ಸತ್ತೈತಿ, ಕೊಳ ಬಂದ್ ಆಗೇತಿ, ಈ ಕೇಕಿ ಕಾಲುವಿ ಕಡೇದು, ಹುಡುಗೂರು ಕಾಲುವಿಗೆ ಬಿದ್ದಾರ ಅಂತ ತಿಳಕೊಂಡು, ಅರ್ಧಾ ಮೈ ಇಲ್ಲದ ಮನಶ್ಯಾ ಅವರನ್ನ ಎಳದು ತರಾಕ ಹೊಂಟಿದ್ದ.

ಆವಾಗ ಹೊಳೀತು ನನಗ, ಹಿಂದಿನ ದಿನ ಪೈಪಿನ ಮ್ಯಾಲ ಯಾವ ಕೈ ಇಟ್ಟಿದ್ದೆ ಅಂತ. ಪೂಜಿ ಮಾಡಿದ ಮೋಟರಿಗೆ ಎಡಗೈ ಹ್ಯಾಂಗ ಹಚ್ಚೂದು ಅಂತ, ಏನೂ ಗೊತ್ತಾಗದ ಬಲಗೈನ ಹಿಡದು ಹಚ್ಚಿದ್ದೆ. ಏನ್ ಮಡಿಯೋ, ಏನ್ ಶಾಸ್ತ್ರವೋ! ಗ್ವಾಡಿಗೆ ತಲಿ ಚಚ್ಚಿಕೋಬೇಕು ಅನಿಸ್ತು.

ಹಣಿಗೆ ಅರಿಷಿಣ ಒತ್ತಿ, ಕುರ್ಚಿಮ್ಯಾಲ ಕೂಡಿಸಿ ಕೊಳಕ್ಕ ನೂಕಿಕೊಂಡು ಹೋದೆ. ಈಸು ಕಲಸೂ ಮಾಸ್ತರು ಓಡಿ ಬಂದು ಹಿಡಕೊಂಡ್ರು. ಇಬ್ಬರೂ ಕೂಡಿ, ಕೊಳಕ್ಕ ಇಳಿಯೂ ಮ್ಯಾಲಿನ ಪಾವಟಗಿಮ್ಯಾಲ ಕೂಡಿಸಿದ್ವಿ. ಸೋಸಿದ ನೀರು ತಿರುಗಿ ಬರೂ ತೂತು ಅಲ್ಲೇ ಬಾಜೂಕ. ಅವರ ಎಡಗೈ ನೀರಾಗ ಮುಳುಗಿಸಿ ಅದರ ಮುಂದ ಹಿಡದೆ. ನೀರು ಬಂದು ಬಂದು ಅಂಗೈ ದಬ್ಬತಿತ್ತು. ಇವರು ಬೆರಳು ಬಿಚ್ಚಿದ್ರು, ಮುಚ್ಚಿದ್ರು, ಮತ್ತ ಬಿಚ್ಚಿದ್ರು.

'ಐತಿ' ಅಂದ್ರು.

'ಐತಿ ಅಲ್ರೀ? ಕಾಲುವಿಗೆ ಯಾರೂ ಹೋಗಿಲ್ರೀ, ಎಲ್ಲಾರೂ ಇಲ್ಲೇ ಅದಾರ ನೋಡ್ರಿ' ಅಂದೆ. ನನಗ ಅಳು ತಡೀಲಿಲ್ಲ.

ಅವರು ನೋಡಿದ್ರು. ಹುಡುಗೂರೆಲ್ಲ ಆಟಾ ಬಿಟ್ಟು, ನೀರಾಗಿಂದ ತಲಿ ಎತ್ತಿ ಸುಮ್ನ ನಿಂತಿದ್ವು. ಒಬ್ಬೊಬ್ಬರ ಮಾರಿ ನೋಡಕೋತ ಹೋದ್ರು. ಕಡೀ ಮೂಲಿತನಕಾ ನೋಡಿ, ನನ್ನ ಕಡೆ ಹೊಳ್ಳಿದ್ರು.

'ಇಲ್ಲ' ಅಂದ್ರು.

ಮಗ ಹೋದಂದಿನಿಂದ ನಾವಿಬ್ಬರೂ ಒಬ್ಬರ ಮುಂದೊಬ್ಬರು ಆ ಮಾತು ಆಡಿರಲಿಲ್ಲ. ನಾನು ಪಾವಟಗಿಮ್ಯಾಲ ಅವರ ಮಗ್ಗಲಕ ಕುಂತೆ.

'ಇಲ್ರಿ' ಅಂದೆ. 'ಅವ ಇಲ್ರಿ.'

ಅವರು ಎಡಗೈ ನೀರಾಗಿಂದ ತಗೀಲಿಲ್ಲ.